ಬಣ್ಣದ ಚೀಟಿಯ ಸಾಹೇಬರು

ಅವರು ನಿವೃತ್ತರಾಗುತ್ತಿದ್ದಾರಂತೆ. ಅವರ ತರಬೇತಿ ಸಂಸ್ಥೆಯಿಂದ ಒಬ್ಬ ಹುಡುಗಿ ಫೋನ್ ಮಾಡಿ, "ಮೇಡಂ, ಸರ್ ಬಗ್ಗೆ ಅಭಿನಂದನಾ ಸಂಚಿಕೆ ತರ್ತಾ ಇದೀವಿ. ನೀವು ಫೀಲ್ಡಲ್ಲಿ ಅವರ ಜೊತೆ ಇದ್ದೋರು, ಎರಡು ಪುಟ ಬರೆದುಕೊಡಿ" ಎಂದಳು. ಆಗಲಿ ಎಂದೆ. ಬರೆಯಲು ಕೂತ ಮೇಲೆ, ನಾನು ಬರೆಯುವುದು ಶಾಲು ಹೊದಿಸುವ ದಿನ ಓದುವಂಥದ್ದಲ್ಲ ಎಂದು ಗೊತ್ತಾಯಿತು. ಆದರೂ ಶುರು ಮಾಡಿದ್ದನ್ನು ನಿಲ್ಲಿಸುವ ಮನಸ್ಸಾಗಲಿಲ್ಲ.

ಆಗ ನಾನು ಪಟ್ಟಣವೊಂದರ ಪೌರಾಡಳಿತ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಸಮುದಾಯ ಸಂಘಟಕಿಯಾಗಿದ್ದೆ. ನಮ್ಮೂರು ದುದ್ದದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಹೆಂಗಸರ ಸಂಘ ಮಾಡಿಸುವುದು, ಸಭೆಗೆ ಜನ ಸೇರಿಸುವುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು ನನ್ನ ಕೆಲಸ. ಯಾವ ಪಟ್ಟಣ ಎಂದು ಹೇಳುವುದಿಲ್ಲ. ಮಂಡ್ಯ ಎಂದರೆ ಮದ್ದೂರಿನವರು, ಮದ್ದೂರು ಎಂದರೆ ಮಳವಳ್ಳಿಯವರು, "ಅಯ್ಯೋ, ನಮ್ಮಲ್ಲೂ ಇದೇ ಕತೆ" ಎನ್ನುತ್ತಾರೆ. ಹೆಸರು ಹೇಳಿ ಒಂದೂರಿಗೆ ಮಾತ್ರ ಆ ಗೌರವ ಯಾಕೆ?

ಆ ಊರಿನ ಹಳೇ ಸಂತೆಮಾಳದ ಹಿಂದೆ ಒಂದು ಬೀದಿ. ಮೂವತ್ತು ಚಿಲ್ಲರೆ ಮನೆ. ರಸ್ತೆಗೆ ಡಾಂಬರು ಹಾಕುವಾಗಲೆಲ್ಲ ಹಳೆಯದನ್ನು ತೆಗೆಯದೆ ಅದರ ಮೇಲೇ ಹಾಕುತ್ತ ಬಂದು, ರಸ್ತೆ ಎತ್ತರವಾಯಿತು, ಮನೆಗಳು ತಗ್ಗಿಗೆ ಬಿದ್ದವು. ಒಂದು ಕಾಲಕ್ಕೆ ಜಗಲಿ ಹತ್ತಿ ಮನೆಯೊಳಗೆ ಹೋಗುತ್ತಿದ್ದವರು ಈಗ ಎರಡು ಮೆಟ್ಟಿಲು ಇಳಿದು ಹೋಗಬೇಕು. ಮಳೆ ಬಂದರೆ ಚರಂಡಿ ನೀರೂ ಅದೇ ಮೆಟ್ಟಿಲು ಇಳಿದು ಹೋಗುತ್ತಿತ್ತು. ಈ ಬೀದಿಯನ್ನು "ಪುನರುಜ್ಜೀವನ ಪ್ರದೇಶ" ಎಂದು ಘೋಷಿಸಿ ಫಲಕ ನೆಟ್ಟಾಗ ಅಲ್ಲಿಯ ಮುದುಕಿಯೊಬ್ಬಳು ನನ್ನ ಬಾಯಲ್ಲಿ ಅದನ್ನು ಓದಿಸಿ ಕೇಳಿ, "ಅಂಗಂದ್ರೆ ನಾವು ಇಷ್ಟ್ ದಿನ ಸತ್ತೋಗಿದ್ವಾ?" ಎಂದಿದ್ದಳು.

ಈ ಬೀದಿಯ ಕಷ್ಟ ಏನೆಂದು ಕಂಡುಹಿಡಿಯಲು ತರಬೇತಿ ಸಂಸ್ಥೆಯ ಕಡೆಯಿಂದ ಅವರು ಬಂದರು. ಡಿಸೈನ್ ಥಿಂಕಿಂಗ್ ಅಂತೆ. ಕನ್ನಡದಲ್ಲಿ ವಿನ್ಯಾಸ ಚಿಂತನೆ ಎನ್ನುತ್ತಿದ್ದರು. ಅದಕ್ಕೆ ಐದು ಹೆಜ್ಜೆ, ಮೊದಲನೆಯದು ಪರಾನುಭೂತಿ. ನಾನೊಮ್ಮೆ ಅದನ್ನು ಅನುಕಂಪ ಎಂದುಬಿಟ್ಟೆ. "ತಪ್ಪು ಕಣಮ್ಮ, ಅನುಕಂಪ ಮೇಲಿಂದ ನೋಡೋದು, ಪರಾನುಭೂತಿ ಪಕ್ಕದಲ್ಲಿ ಕೂರೋದು" ಎಂದು ಎಲ್ಲರ ಮುಂದೆ ತಿದ್ದಿದರು. ಮಾತು ಚೆನ್ನಾಗಿದೆ ಎನ್ನಿಸಿ ನನ್ನ ಡೈರಿಯಲ್ಲಿ ಬರೆದುಕೊಂಡಿದ್ದೆ.

ಐವತ್ತರ ಆಚೆಯ ವಯಸ್ಸು, ತೆಳ್ಳನೆಯ ಮೈ, ಇಸ್ತ್ರಿಯಿಲ್ಲದ ದುಬಾರಿ ಖಾದಿ ಜುಬ್ಬ. ಹೆಗಲಲ್ಲಿ ಬಟ್ಟೆ ಚೀಲ, ಅದರ ತುಂಬ ಅಂಟಿಸುವ ಬಣ್ಣಬಣ್ಣದ ಚೀಟಿ. ಮೂರನೇ ದಿನಕ್ಕೇ ಬೀದಿಯವರು "ಚೀಟಿ ಸಾಹೇಬ್ರು" ಎಂದು ಹೆಸರಿಟ್ಟರು. ಯಾರ ಮನೆಗೆ ಹೋದರೂ ಚಪ್ಪಲಿಯನ್ನು ರಸ್ತೆಯಲ್ಲೇ ಬಿಡುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕೂರುತ್ತಿದ್ದರು. ಕೇಳುವಾಗ ಕತ್ತನ್ನು ಎಡಕ್ಕೆ ವಾಲಿಸಿ ಕಣ್ಣು ಮುಚ್ಚುತ್ತಿದ್ದರು. ಎಷ್ಟು ಆಳವಾಗಿ ಕೇಳುತ್ತಾರಲ್ಲ ಎಂದು ನನಗೆ ಬೆರಗು. ಆಮೇಲೊಮ್ಮೆ ಬೆಂಗಳೂರಿನ ಸಭೆಗೆ ಜೊತೆಯಲ್ಲಿ ಬಸ್ಸಿನಲ್ಲಿ ಹೋದಾಗ ನೋಡಿದೆ. ನಿದ್ದೆ ಮಾಡುವಾಗಲೂ ಅವರ ಕತ್ತು ಹಾಗೇ ಎಡಕ್ಕೆ ವಾಲುತ್ತಿತ್ತು.

ಅವರ ತಾಯಿಯ ತವರು ಚಿಕ್ಕರಸಿನಕೆರೆಯ ಕಡೆಯಂತೆ. ಅದನ್ನು ಪ್ರತಿ ಮನೆಯಲ್ಲೂ ಹೇಳುತ್ತಿದ್ದರು. "ನಾನೂ ಇಲ್ಲಿಯೋನೇ ಕಣವ್ವ. ಸೆಂದಾಕಿದ್ದೀಯಾ? ಉಂಡ್ಯಾ?" ಎನ್ನುತ್ತಿದ್ದರು. ನಮ್ಮ ಕಡೆಯ ಈ ಮಾತನ್ನು ಅವರು ಕಚೇರಿಯಲ್ಲಿ ಎಂದೂ ಆಡಿದ್ದು ಕೇಳಿಲ್ಲ. ಬೀದಿಯ ತಿರುವು ಬಂದಾಗ ನಾಲಿಗೆಗೆ ತೊಡಿಸಿಕೊಳ್ಳುತ್ತಿದ್ದರು, ವಾಪಸ್ ಕಾರು ಹತ್ತುವಾಗ ಬಿಚ್ಚಿಡುತ್ತಿದ್ದರು.

ಸಾಕಮ್ಮನ ಮನೆಗೆ ಹೋದದ್ದು ಎರಡನೇ ದಿನ. ಸಾಕಮ್ಮ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಗಂಡ ಬೋರಯ್ಯ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಲಕ್ವ ಹೊಡೆದು ಬಲಭಾಗ ಬಿದ್ದು ಮಂಚ ಹಿಡಿದಿದ್ದ. ಮಳೆಗಾಲದಲ್ಲಿ ನೀರು ನುಗ್ಗುತ್ತದೆಂದು ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿದ್ದಳು. ರಸ್ತೆ ಒಂದು ಪದರ ಏರಿದರೆ ಮಂಚ ಒಂದು ಇಟ್ಟಿಗೆ ಏರುತ್ತಿತ್ತು. ನಾವು ಹೋದ ದಿನ ಕಾಲಿಗೆ ಮೂರು ಮೂರು ಇಟ್ಟಿಗೆ ಇದ್ದವು.

"ಹುಸಾರು ಸಾ, ಇಳೀಬೇಕು" ಎಂದಳು ಸಾಕಮ್ಮ. ಇವರು ಇಳಿದು ನೆಲದ ಮೇಲೆ ಕೂತು, "ನಿನ್ನ ನೋವೇನು ಹೇಳು ತಾಯಿ" ಎಂದರು.

"ನೋವಾ? ಮಂಡಿ ನೋವ್ ಅದೆ" ಎಂದಳು. ಇವರು ನಗಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು. ನಾನೇ, "ಅದಲ್ಲಕ್ಕ, ಬೀದೀದು ಕೇಳ್ತಾವ್ರೆ" ಎಂದೆ.

"ಬೀದೀದಾ? ಅದಕ್ಕೇನ್ ಕೇಳದು? ನೀರು ಒಳೀಕ್ ಬತ್ತದೆ. ಹೊಸ ರೋಡ್ ಆಕಕ್ ಮುಂಚೆ ಹಳೇದ ಕೆರೆದ್ಬುಟ್ಟು ಆಕ್ಲಿ. ಅಷ್ಟೇಯ."

ಆ ಬೀದಿಯ ಸಮಸ್ಯೆಯೂ ಪರಿಹಾರವೂ ಇಷ್ಟೇ. ನಾನು ಹಳದಿ ಚೀಟಿಯಲ್ಲಿ ಬರೆದುಕೊಂಡೆ. ಎದ್ದು ಹೊರಟಿದ್ದರೆ ಎಂಟು ತಿಂಗಳ ಕೆಲಸ ಎಂಟು ನಿಮಿಷಕ್ಕೆ ಮುಗಿದಿರುತ್ತಿತ್ತು.

ಆ ದಿನದ್ದೇ ಇನ್ನೊಂದು ಸಂಗತಿ ಬರೆಯದಿದ್ದರೆ ನಾನು ಸುಳ್ಳುಗಾತಿಯಾಗುತ್ತೇನೆ. ಹೊರಡುವ ಮುಂಚೆ ಅವರು ಮಂಚದ ಪಕ್ಕ ಹೋಗಿ ನಿಂತರು. ಬೋರಯ್ಯ ಏನೋ ಹೇಳಲು ಹೆಣಗುತ್ತಿದ್ದ. ಬಾಯಿಂದ "ಕ... ಕ..." ಅಷ್ಟೇ ಹೊರಡುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ನಾನಾಗಿದ್ದರೆ ಕೈಮುಗಿದು ಬಂದುಬಿಡುತ್ತಿದ್ದೆ. ಇವರು ತಮ್ಮ ಕರ್ಚೀಫಿನಿಂದ ಅವನ ಬಾಯಿ ಒರೆಸಿ, ಬಹಳ ಹೊತ್ತು ಬಗ್ಗಿ ನಿಂತು ಕೇಳಿ, "ಕಬ್ಬು ಬಂತಾ ಅಂತ ಕೇಳ್ತಿದ್ದೀರಾ? ಫ್ಯಾಕ್ಟರಿಗೆ ಕಬ್ಬು ಬರೋಕೆ ಶುರುವಾಯ್ತಾ ಅಂತ?" ಎಂದರು. ಬೋರಯ್ಯನ ಎಡಗಣ್ಣಲ್ಲಿ ನೀರು ಬಂತು. ಹೌದೆಂದು ತಲೆ ಆಡಿಸಿದ. ಆಗ ಅಲ್ಲಿ ಕ್ಯಾಮೆರಾ ಇರಲಿಲ್ಲ, ಮೇಲಧಿಕಾರಿ ಇರಲಿಲ್ಲ. ಅದು ನಟನೆಯಲ್ಲ. ಒಬ್ಬ ಮೂಗನಂತಾದವನ ಮಾತು ಅರ್ಥಮಾಡಿಕೊಂಡ ಮನುಷ್ಯನಿಗೆ ಅವನ ಹೆಂಡತಿ ಸ್ಪಷ್ಟವಾಗಿ ಹೇಳಿದ್ದು ಯಾಕೆ ಕೇಳಿಸಲಿಲ್ಲ ಎನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮುಂದಿನ ವಾರ ಸಮುದಾಯ ಭವನದಲ್ಲಿ ಕಾರ್ಯಾಗಾರ. ಗೋಡೆಯ ತುಂಬ ಚೀಟಿ. "ಇಲ್ಲಿ ತಪ್ಪು ಉತ್ತರ ಅನ್ನೋದೇ ಇಲ್ಲ" ಎಂದು ಶುರು ಮಾಡಿದರು. ಅದು ಅವರ ಮೆಚ್ಚಿನ ಮಾತು. ತಪ್ಪು ಉತ್ತರ ಇಲ್ಲವೆಂದ ಮೇಲೆ ಸರಿ ಉತ್ತರವೂ ಇಲ್ಲವಲ್ಲ. ಮನೆಯೊಳಗೆ ಚರಂಡಿ ನುಗ್ಗುತ್ತದೆ ಎಂಬುದಕ್ಕೂ, ಬೀದಿಯಲ್ಲಿ ನಾಲ್ಕು ಹೂವಿನ ಗಿಡ ಇದ್ದರೆ ಲಕ್ಷಣ ಎಂಬುದಕ್ಕೂ ಒಂದೇ ಅಳತೆಯ ಚೀಟಿ. ಅವನ್ನೆಲ್ಲ ಗುಂಪು ಮಾಡಿಸಿದರು. ಸಾಕಮ್ಮನ ಚೀಟಿ ಯಾವ ಗುಂಪಿಗೂ ಸೇರಲಿಲ್ಲ. ಅದನ್ನು ಕಿತ್ತು ಗೋಡೆಯ ಮೂಲೆಯಲ್ಲಿ "ಪಾರ್ಕಿಂಗ್" ಎಂದು ಬರೆದಿದ್ದ ಹಾಳೆಗೆ ಅಂಟಿಸಿದರು. ಸದ್ಯಕ್ಕೆ ಬೇಡವಾದದ್ದನ್ನು ನಿಲ್ಲಿಸುವ ಜಾಗವಂತೆ ಅದು.

"ಅಲ್ಲೇನ್ ಗಾಡಿ ನಿಲ್ಲುಸ್ತರಾ?" ಎಂದು ಸಾಕಮ್ಮ ನನ್ನ ಕಿವಿಯಲ್ಲಿ ಕೇಳಿದಳು. "ಆಮೇಲೆ ನೋಡ್ತಾರಂತೆ ಅಕ್ಕ" ಎಂದೆ. ಎರಡೂ ಕಡೆಗೆ ಬೆಣ್ಣೆ ಹಚ್ಚಿ ಹೇಳುವುದು ನನ್ನ ಸಂಬಳದ ಭಾಗವಾಗಿತ್ತು.

ಊಟದ ಹೊತ್ತಿನಲ್ಲಿ ಧೈರ್ಯ ಮಾಡಿದೆ. "ಸಾರ್, ಎಲ್ಲರೂ ಅದನ್ನೇ ಹೇಳ್ತಿರೋದು. ರಸ್ತೆ ಕೆರೆದು ಹಾಕೋದು."

ಅವರು ತಟ್ಟೆ ಕೆಳಗಿಟ್ಟು ತುಂಬ ತಾಳ್ಮೆಯಿಂದ ಹೇಳಿದರು: "ನೋಡಮ್ಮ, ರಸ್ತೆ ಕೆರೆಯೋದು ಪರಿಹಾರ. ನಾನು ಕೇಳಿದ್ದು ಸಮಸ್ಯೆ. ಜನ ಯಾವಾಗಲೂ ನೇರ ಪರಿಹಾರಕ್ಕೆ ಹಾರಿಬಿಡ್ತಾರೆ. ಅದರ ಹಿಂದಿರೋ ನಿಜವಾದ ಬಯಕೆ ಅವರಿಗೇ ಗೊತ್ತಿರಲ್ಲ. ಅದನ್ನ ಹೊರಗೆ ತೆಗೆಯೋದೇ ನಮ್ಮ ಕೆಲಸ."

"ಅವರ ಬಯಕೆ ನೀರು ಬರಬಾರದು ಅನ್ನೋದು ಸಾರ್."

"ಅದಕ್ಕಿಂತ ಆಳಕ್ಕೆ ಹೋಗು" ಎಂದರು. ಅವರು ಹೋದ ಆಳದಲ್ಲಿ ನೀರಿರಲಿಲ್ಲ. ಸಂಜೆಯ ಹೊತ್ತಿಗೆ ಬಿಳಿ ಹಲಗೆಯ ಮೇಲೆ ಹೊಸ ಸಮಸ್ಯೆ ಬರೆದಿದ್ದರು: "ಹೊಸಿಲು ದಾಟುವ ಅನುಭವವನ್ನು ಘನತೆಯುಳ್ಳದ್ದಾಗಿ ಮಾಡುವುದು ಹೇಗೆ?" ಹೆಂಗಸರು ಅದನ್ನು ನೋಡಿದರು. ನಂತರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಾಳೆ ಹೊಡೆಯಿರಿ ಎಂದಾಗ ಹೊಡೆದರು.

ಕಚೇರಿಯ ಎಂಜಿನಿಯರ್‌ಗೂ ಇದು ಅನುಕೂಲವೇ. ಹಳೆ ರಸ್ತೆ ಕೆರೆದು ತೆಗೆಯುವುದು ಅಂದಾಜುಪಟ್ಟಿಯಲ್ಲೇ ಇಲ್ಲ ಎಂದು ಆತ ಒಂದೇ ಮಾತಿನಲ್ಲಿ ಹೇಳಿದ. ಬಡವರ ಮನೆಯಲ್ಲಿ ಇಷ್ಟಿಷ್ಟು ಹೊತ್ತು ಕೂತು ಪ್ರಶ್ನೆ ಕೇಳಿದವರು ಆತನಿಗೆ ಯಾಕೆ ಎಂದು ಒಂದು ಪ್ರಶ್ನೆ ಕೇಳಲಿಲ್ಲ.

ಥರ್ಮೊಕೋಲಿನಲ್ಲಿ ಬೀದಿಯ ಮಾದರಿ ಮಾಡಿದರು. ಪುಟ್ಟ ಮನೆ, ಪುಟ್ಟ ಬೆಂಚು, ಹಲ್ಲುಕಡ್ಡಿಯ ದೀಪದ ಕಂಬ. ಮೂರು ತಿಂಗಳಿಗೆ ಕೆಲಸ ಮುಗಿಯಿತು. ಮನೆ ಮುಂದಿನ ಮೆಟ್ಟಿಲುಗಳಿಗೆ ಕಾಮನಬಿಲ್ಲಿನ ಬಣ್ಣ. ಗೋಡೆಗಳ ಮೇಲೆ ನಗುವ ಮಕ್ಕಳ ಚಿತ್ರ. ಹಳೆ ಟೈರುಗಳಿಗೆ ಬಣ್ಣ ಬಳಿದು ಮಾಡಿದ ಹೂಕುಂಡ. ಒಂದು ಸಿಮೆಂಟ್ ಬೆಂಚು, ಅದಕ್ಕೆ "ಮಾತುಕತೆ ಮೂಲೆ" ಎಂದು ಹೆಸರು. ಇದೆಲ್ಲದರ ಜೊತೆಗೆ ರಸ್ತೆಗೆ ಹೊಸದಾಗಿ ಇಂಟರ್‌ಲಾಕ್ ಕಲ್ಲು. ಅದನ್ನು ಜಲ್ಲಿಪುಡಿ ಹರಡಿ ಹಳೇ ಡಾಂಬರಿನ ಮೇಲೇ ಕೂರಿಸಿದರು. ರಸ್ತೆ ಇನ್ನೊಂದು ಗೇಣು ಮೇಲೆದ್ದಿತು. ಮನೆಗಳಿಗೆ ಎರಡಿದ್ದ ಮೆಟ್ಟಿಲು ಮೂರಾಯಿತು. ಮೂರಕ್ಕೂ ಬಣ್ಣ ಬಂತು.

ಉದ್ಘಾಟನೆಯ ದಿನ ಅವರು ಬೆಂಚಿನ ಮೇಲೆ ನಿಂತು ಮಾತಾಡಿದರು. "ಇದು ನಾನು ಮಾಡಿದ್ದಲ್ಲ. ನೀವು ಮಾಡಿದ್ದು" ಎಂದರು. ಸಾಕಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. "ನಾವ್ ಯಾವಾಗ್ ಮಾಡುದ್ವಿ?" ಎಂದಳು. ನಾನು ಕೇಳಿಸದವಳಂತೆ ಮುಂದೆ ನೋಡಿದೆ.

ದಸರೆಗೆ ಮುಂಚಿನ ಮಳೆ ಹೊಡೆದದ್ದು ಒಂದು ಮಧ್ಯಾಹ್ನ. ಸಾಕಮ್ಮ ಶಾಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಕಚೇರಿಯಲ್ಲಿದ್ದೆ. ಬೀದಿಯ ಹುಡುಗಿಯೊಬ್ಬಳು ಫೋನ್ ಮಾಡಿ, "ಅಕ್ಕಾ, ನೀರು ನುಗ್ತಾ ಅದೆ, ಬನ್ನಿ" ಎಂದು ಕಿರುಚಿದಳು. ಓಡಿದೆ. ಟೈರಿನ ಹೂಕುಂಡಗಳು ಕೊಚ್ಚಿಹೋಗಿ ಚರಂಡಿಯ ಬಾಯಿಗೆ ಸಿಕ್ಕಿಕೊಂಡಿದ್ದವು. ನೀರು ಹೋಗಲು ಉಳಿದದ್ದು ಮನೆಗಳು ಮಾತ್ರ. ಸಾಕಮ್ಮ ನನಗಿಂತ ಮುಂಚೆ ಮುಟ್ಟಿ ಬಾಗಿಲಿನ ಜೊತೆ ಗುದ್ದಾಡುತ್ತಿದ್ದಳು. ಒಳಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ. ನಾವಿಬ್ಬರೂ ಭುಜ ಕೊಟ್ಟು ತಳ್ಳಿದೆವು.

ನೀರು ಮಂಚದ ಮೇಲೇರಿ, ಮಲಗಿದ್ದ ಬೋರಯ್ಯನ ಎದೆ ಮುಟ್ಟಿತ್ತು. ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಗೋಡೆಗೆ ಬಡಿಯುತ್ತಿದ್ದ. ಎಷ್ಟು ಹೊತ್ತಿನಿಂದ ಬಡಿದಿದ್ದನೋ, ಗಾರೆ ಕಿತ್ತು ಬಂದಿತ್ತು. ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ. ಅಕ್ಕಪಕ್ಕದವರೂ ಸೇರಿ ಬಾಗಿಲ ಹಲಗೆ ಕಿತ್ತು, ಅದರ ಮೇಲೆ ಅವನನ್ನು ಹೊತ್ತು ಶಾಲೆಯ ಜಗಲಿಗೆ ತಂದೆವು. ಅಲ್ಲಿಂದ ದೊಡ್ಡಾಸ್ಪತ್ರೆಗೆ. ಜೀವ ಉಳಿಯಿತು. ಆದರೆ ಆಗೀಗ ಹೊರಡುತ್ತಿದ್ದ ಆ ಅರ್ಧಂಬರ್ಧ ಮಾತೂ ಅಲ್ಲಿ ಹಿಡಿದ ಜ್ವರದಲ್ಲಿ ಹೋಯಿತು. ಆಮೇಲೆ ಬೋರಯ್ಯ ಬರೀ ನೋಡುತ್ತಿದ್ದ.

ಆಸ್ಪತ್ರೆಯ ಹೊರಗಿನಿಂದ ನಾನು ಅವರಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅಳುತ್ತಲೇ ಹೇಳಿದೆ. ಅವರು, "ತುಂಬಾ ಮುಖ್ಯವಾದ ಫೀಡ್‌ಬ್ಯಾಕ್ ಕಣಮ್ಮ ಇದು. ಮರೆಯೋಕೆ ಮುಂಚೆ ಬರೆದಿಡು" ಎಂದರು. ಫೋನ್ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡೆ. ಅವತ್ತಿನಿಂದ ಅವರ ಮಾತು ಯಾವುದನ್ನೂ ಡೈರಿಯಲ್ಲಿ ಬರೆದುಕೊಂಡಿಲ್ಲ.

ಬೋರಯ್ಯ ಮನೆಗೆ ಬಂದ ವಾರದ ಭಾನುವಾರ ಬೆಳಿಗ್ಗೆ ಸಾಕಮ್ಮ ಒಂದು ಹಾರೆ ತಂದು, ತನ್ನ ಮನೆಯ ಮುಂದಿನ ಇಂಟರ್‌ಲಾಕ್ ಕಲ್ಲಿನ ಸಂದಿಗೆ ಕೊಟ್ಟು ಮೀಟಿದಳು. ಒಂದು ಬಂದ ಮೇಲೆ ಉಳಿದವು ಸಲೀಸು. ಕಲ್ಲು ತೆಗೆದು, ಜಲ್ಲಿಪುಡಿ ಬಾಚಿ, ಕೆಳಗಿನ ಡಾಂಬರಿನ ಪದರಗಳನ್ನು ಒಡೆದು, ಹೊಸಿಲಿಗಿಂತ ಕೆಳಗೆ ಒಂದು ಕಾಲುವೆ ತೋಡಿದಳು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಹೆಂಗಸರು ಸೇರಿದ್ದರು. ಗಂಡಸರು ಮೊದಲು ನಿಂತು ನೋಡಿದರು, ಆಮೇಲೆ ನಾಚಿಕೆಯಾಗಿ ಸಲಿಕೆ ಹಿಡಿದರು. ಮಾತುಕತೆ ಮೂಲೆಯ ಬೆಂಚು ನೀರಿನ ದಾರಿಗೆ ಅಡ್ಡವಿತ್ತು. ಅದನ್ನೂ ಒಡೆದರು.

ಎಂಜಿನಿಯರ್ ಬೈಕಿನಲ್ಲಿ ಬಂದ. "ಯಾರನ್ನ ಕೇಳಿ ತೆಗೀತಿದ್ದೀರಿ ಇದನ್ನ?"

ಸಾಕಮ್ಮ ಬೆನ್ನು ನೆಟ್ಟಗೆ ಮಾಡಿದಳು. "ಆಕ್ವಾಗ ನಮ್ಮುನ್ ಕೇಳುದ್ರಾ?"

"ಕೇಸ್ ಆಗುತ್ತೆ ಕಣಮ್ಮ."

"ಆಗ್ಲಿ ಬುಡಿ. ಟೇಸನ್ನು ಎತ್ತರದಾಗ್ ಅದೆ, ಅಲ್ಲಿಗೆ ನೀರ್ ಬರಾಕಿಲ್ಲ."

ಕೇಸ್ ಆಗಲಿಲ್ಲ. ಸಾರ್ವಜನಿಕ ಆಸ್ತಿಗೆ ಹಾನಿಯಾಗುವುದನ್ನು ತಡೆಯಲಿಲ್ಲವೇಕೆ ಎಂದು ನನಗೆ ನೋಟಿಸು ಬಂತು. ಗುತ್ತಿಗೆ ಮುಂದುವರಿಸುವುದಿಲ್ಲ ಎಂಬ ಮಾತು ಕಿವಿಗೆ ಬಿತ್ತು. ಹೆಂಗಸರು ಮಾತ್ರ ಭಾನುವಾರ ಭಾನುವಾರ ತೋಡುತ್ತ ಹೋದರು. ಅರ್ಧ ಬೀದಿಯಾಗುವ ಹೊತ್ತಿಗೆ ಮತ್ತೊಂದು ದೊಡ್ಡ ಮಳೆ ಬಂತು. ಆ ಅರ್ಧದ ಮನೆಗಳಿಗೆ ಒಂದು ಲೋಟ ನೀರೂ ಬರಲಿಲ್ಲ.

ಅದಾದ ಮೇಲೆ, ನನ್ನ ಕೆಲಸದ ಕೊನೆಯ ದಿನಗಳಲ್ಲಿ, ಅವರು ಅತಿಥಿಗಳನ್ನು ಕರೆದುಕೊಂಡು ಬರುತ್ತೇನೆಂದು ತಿಳಿಸಿದರು. ದೆಹಲಿಯವರು ಇಬ್ಬರು, ವಿದೇಶದ ಒಬ್ಬಾಕೆ. ಅವತ್ತೂ ಭಾನುವಾರವೇ. ಹೆಂಗಸರು ಕಾಲುವೆಯಲ್ಲಿ ಇಳಿದಿದ್ದರು. ತಾವು ಬಣ್ಣ ಬಳಿಸಿದ ಬೀದಿ ಅರ್ಧ ಕಿತ್ತುಹೋಗಿದ್ದನ್ನು ಕಂಡರೆ ಇವರ ಮುಖ ಹೇಗಾಗುತ್ತದೆಂದು ನೋಡಲು, ಸುಳ್ಳೇಕೆ ಹೇಳಲಿ, ನಾನು ಬೇಗನೆ ಹೋಗಿ ನಿಂತಿದ್ದೆ.

ಅವರು ಕಾರಿನಿಂದಿಳಿದರು. ಒಡೆದ ಬೆಂಚು ನೋಡಿದರು. ಕಾಲುವೆ ನೋಡಿದರು. ಒಂದು ಕ್ಷಣ, ನಿಜವಾಗಿಯೂ ಒಂದೇ ಕ್ಷಣ, ಕಂಗಾಲಾದರು. ನಂತರ ಆ ಮುಖದಲ್ಲಿ ಬೆಳಕು ಹತ್ತಿಕೊಂಡಿತು. ಅತಿಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳತೊಡಗಿದರು: ನಾವು ಬಯಸಿದ್ದು ಇದನ್ನೇ, ವಿನ್ಯಾಸ ಎಂದೂ ಮುಗಿಯುವುದಿಲ್ಲ, ನಮ್ಮ ಮಾದರಿಯನ್ನು ಸಮುದಾಯವೇ ಮುಂದಕ್ಕೆ ಒಯ್ದಿದೆ, ಈ ಹೆಂಗಸರಿಗೆ ತಮ್ಮ ಸಮಸ್ಯೆಯನ್ನು ತಾವೇ ಗುರುತಿಸುವ ಶಕ್ತಿ ಬಂದದ್ದು ಆ ಕಾರ್ಯಾಗಾರಗಳಿಂದ. ಅತಿಥಿಗಳು ಫೋಟೊ ತೆಗೆದುಕೊಂಡರು.

ಸಾಕಮ್ಮ ಕಾಲುವೆಯಿಂದ ತಲೆ ಎತ್ತಿ ನನ್ನನ್ನು ಕೇಳಿದಳು. "ಏನಂತೆ ಮಗ?"

ಎಂಟು ತಿಂಗಳಲ್ಲಿ ಮೊದಲ ಸಲ ನಾನು ಬೆಣ್ಣೆ ಹಚ್ಚಲಿಲ್ಲ. "ಇದನ್ನ ಮಾಡೋಕೆ ನಿಮಗೆ ಹೇಳಿಕೊಟ್ಟಿದ್ದು ಅವರೇ ಅಂತೆ ಅಕ್ಕ."

ಸಾಕಮ್ಮ ಅವರನ್ನು ಕೆಳಗಿಂದ ಮೇಲಿನವರೆಗೆ ನೋಡಿದಳು. ಕೋಪ ಬಂದಂತೆ ಕಾಣಲಿಲ್ಲ. ಹಾರೆಯನ್ನು ಎತ್ತಿ ಅವರ ಕಡೆ ನೀಡಿ, "ಅಂಗಾರೆ ಬನ್ನಿ ಸಾ. ಆ ಕೊನೆ ಇನ್ನೂ ಬಾಕಿ ಅದೆ" ಎಂದಳು.

ಅತಿಥಿಗಳು ನೋಡುತ್ತಿದ್ದರು. ಅವರು ಜುಬ್ಬದ ತೋಳು ಮಡಿಸಿ, ಚಪ್ಪಲಿ ಬಿಟ್ಟು, ಇಳಿದರು. ಹಾರೆಯನ್ನು ಕಲ್ಲಿನ ನಡುವಿಗೇ ಹೊಡೆದರು. ಅದು ಠಣ್ ಎಂದು ಜಾರಿತು. ಇನ್ನೊಂದು ಸಲ ಹೊಡೆದರು. ಕಲ್ಲು ಅಲುಗಲಿಲ್ಲ. ವಿದೇಶದಾಕೆ ಚಪ್ಪಾಳೆ ತಟ್ಟಿದಳು.

"ಬುಡಿ ಸಾ, ಕಾಲ್ ಮೇಲಾಕ್ಕೊಂಡೀರಿ" ಎಂದು ಸಾಕಮ್ಮ ಹಾರೆ ಇಸಿದುಕೊಂಡು, ಸಂದಿಗೆ ಕೊಟ್ಟು ಕಲ್ಲನ್ನು ಎಬ್ಬಿಸಿದಳು.

ಅವರು ಮೇಲೆ ಬಂದು ಅಂಗೈ ನೋಡಿಕೊಂಡರು. ವಿದೇಶದಾಕೆ ಏನೋ ಕೇಳಿದಳು. ಅದಕ್ಕೆ ಅವರು ನನ್ನ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ, ಅಚ್ಚ ಕಚೇರಿಯ ಕನ್ನಡದಲ್ಲಿ ಕೇಳಿದರು. "ಇವರ ಹೆಸರೇನಮ್ಮ?"

ಅವಳ ಮನೆಯ ನೆಲದ ಮೇಲೆ ಕೂತಿದ್ದವರು. ಅವಳ ಗಂಡನ ಬಾಯಿ ಒರೆಸಿದ್ದವರು.

"ಅವರೇ ಇದ್ದಾರಲ್ಲ ಸಾರ್, ಕೇಳಿ" ಎಂದೆ.

ಅವರು ಕೇಳಲಿಲ್ಲ. ವಿದೇಶದಾಕೆಯ ಕಡೆ ತಿರುಗಿ, ಸ್ಥಳೀಯ ಮಹಿಳೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಊಟದ ಹೊತ್ತಾಗಿತ್ತು. ಎಲ್ಲರಿಗೂ ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕಾರು ತಿರುವು ದಾಟುವವರೆಗೆ ಹೆಂಗಸರು ಯಾರೂ ತಲೆ ಎತ್ತಲಿಲ್ಲ.

"ಓದ್ರಾ?" ಎಂದಳು ಸಾಕಮ್ಮ.

"ಹೋದ್ರು."

"ಅಂಗಾರೆ ಆ ಮಂಕ್ರಿ ಈ ಕಡೀಕ್ ತಳ್ಳು."

ಮಣ್ಣು ತುಂಬುವ ಮಂಕರಿ ನನ್ನ ಕಾಲ ಬಳಿಯೇ ಇತ್ತು. ತಳ್ಳಿದೆ.